ನಾಲ್ಕನೆಯ ಪಂದ್ಯದ ಹಿಂದಿನ ರಾತ್ರಿ

ಕ್ಯಾತ್ಸಂದ್ರದ ಹೋಟೆಲು. ಇಡ್ಲಿ ಮುಗಿದ ತಟ್ಟೆಯ ಮೇಲೆ
ರಂಗಧಾಮಪ್ಪ ಸಾರ್ ಐದು ಹುಣಸೆಬೀಜ ಇಟ್ಟರು,
ಎದುರಿಗೆ ಐದು ಕವಡೆ.
ಸಿಪ್ಪೆ ಸುಲಿದ ಬೀಜ ನಾನು.
ಅಂಚು ಮುರಿದ ಕವಡೆ, ಕೆಜಿಎಫ್‌ನ ಜಾಯ್ಸ್ ಮೇರಿ.

ಮೊದಲ ಪಂದ್ಯ: ಬಲದಿಂದ ನುಗ್ಗಿದೆ, ಇಪ್ಪತ್ತೆರಡು ಅಂಕ.
ಎರಡನೆಯದರಲ್ಲಿ ಅವಳು ನನ್ನ ಬಲಕ್ಕೇ ನಿಂತಳು,
ಬಾಗಿಲಿಗೆ ಅಗುಳಿ ಬಿದ್ದ ಹಾಗೆ. ಏಳು.
ಮೂರನೆಯದರಲ್ಲಿ ಭಾಗೀರಥಿಯನ್ನು ಅವಳಿಗೆ ಅಡ್ಡ ನಿಲ್ಲಿಸಿದೆವು;
ಆ ಕಂಬವನ್ನು ಬಳಸಿ ಅವಳು ಬರುವಷ್ಟರಲ್ಲಿ
ಚೆಂಡು ಬಲೆಯಿಂದ ಕೆಳಗಿಳಿದಿತ್ತು.
ಈಗ ಎರಡು, ಒಂದು.
ನಾಳೆ ಅದಕ್ಕೂ ಮದ್ದು ಅರೆದು ತರುತ್ತಾರೆ.

"ಅವಳು ಚಾಪೆ ಕೆಳಗೆ ತೂರಿದರೆ
ನೀನು ರಂಗೋಲಿ ಕೆಳಗೆ ತೂರು."
ಸರಿ ಸಾರ್. ರಂಗೋಲಿ ಕೆಳಗೆ
ಅವಳು ಮೊದಲೇ ಹೋಗಿ ಮಲಗಿದ್ದರೆ?
ಸಾರ್ ನಗಲಿಲ್ಲ. ಒಂದು ಬೀಜ ಸರಿಸಿದರು,
ಮತ್ತೆ ಅಲ್ಲೇ ತಂದಿಟ್ಟರು. ಚಟ್ನಿ ಮೆತ್ತಿತ್ತು.

ಅವರಿಗೆ ಹೇಳದ್ದು ಒಂದಿದೆ.
ಮೊನ್ನೆ ಕೈ ಕುಲುಕುವಾಗ ಜಾಯ್ಸ್ ಕಿವಿಯ ಹತ್ತಿರ ಬಂದು,
"ಎಡಕ್ಕೆ ತಿರುಗೋ ಮುಂಚೆ ಉಸಿರು ಹಿಡೀತೀಯ ಕಣೇ" ಎಂದಳು.
ಅಯ್ಯೋ ಪಾಪ ಅಂತಲೋ,
ನಾಲ್ಕನೆಯ ಪಂದ್ಯಕ್ಕೆ ಎಸೆದ ಗಾಳವೋ.

ಈಗ ಕೋಣೆಯಲ್ಲಿ, ಚೆಂಡಿಲ್ಲದೆ,
ಕನ್ನಡಿಯೆದುರು ಎಡಕ್ಕೆ ತಿರುಗುತ್ತೇನೆ.
ಮತ್ತೆ. ಮತ್ತೆ.
ಉಸಿರು ಹಿಡಿದೆನೇ ಎಂದು ನೋಡಲು ಉಸಿರು ಹಿಡಿಯುತ್ತೇನೆ.
ಇಪ್ಪತ್ತಾರು ವರ್ಷ ಈ ಮೈಯೊಳಗೇ ಇದ್ದೆ;
ಹೆತ್ತವಳೂ, ಒಮ್ಮೆ ಬಯಸಿದವನೂ ಕಾಣದ್ದನ್ನು
ಮೂರೇ ಸಂಜೆಯಲ್ಲಿ ಕಂಡಳು, ನನ್ನನ್ನು ಸೋಲಿಸಲೆಂದು.

ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಅವಳಿಗೂ ನಿದ್ದೆ ಇರಲಿಕ್ಕಿಲ್ಲ.
ಅವಳ ಬಗ್ಗೆ ನನಗೆ ಗೊತ್ತಿರುವುದು ಒಂದೇ:
ಸುಳ್ಳು ಹೇಳುವಾಗ
ಬಲಗಾಲಿನ ಲೇಸು ನೋಡುತ್ತಾಳೆ.
ಮೊನ್ನೆ ಎಲ್ಲಿ ನೋಡಿದಳು, ನೆನಪಾಗುತ್ತಿಲ್ಲ.