ಮುಕ್ಕಾಂ

ಹಳೇ ವೇಬಿಲ್ಲಿನ ಬೆನ್ನಿಗೆ ಬರೀಲಿಕ್ಕೆ ಹತ್ತೀನಿ.
ಕಾಗದ ಹಳದಿ ಆಗ್ಯದ, ಅಂಚು ಇಲಿ ತಿಂದದ,
ಗೆರಿ ಮಾತ್ರ ಇನ್ನೂ ನೆಟ್ಟಗ.

ನಾಗಣಸೂರು ಬಿಡೋದು ನಸುಕಿನ ನಾಕೂವರಿಗೆ.
ನಳದುರ್ಗದ ಮ್ಯಾಲ ತುಳಜಾಪುರ, ಆರೂವರಿ.
ಹತ್ತು ನಿಮಿಷ.
ಸೊಲ್ಲಾಪುರ, ಚಹಾ.
ಪಂಢರಪುರ, ಹನ್ನೊಂದು.
ಹತ್ತು ನಿಮಿಷ.
ಮಂಗಳವೇಢೆ, ಜತ್ತ, ದಾನಮ್ಮನ ಗುಡ್ಡಾಪುರ, ದೀಪ ಹಚ್ಚೂ ಹೊತ್ತಿಗೆ.

ಕಸ್ತೂರವ್ವ ಶೇಂಗಾ ಸುಲಿಯೋದು ಬಿಟ್ಟು
ಹೆಗಲ ಮ್ಯಾಲಿಂದ ಬಗ್ಗಿ ಓದಿದಳು.
"ದೇವರಿಗೂ ಹತ್ತ ನಿಮಿಷ ಏನ್ರಿ?
ಪಾಪ, ಕಂಟ್ರೋಲರ್ ಸಹಿ ಮಾಡಿ ಕಳಿಸ್ಬೇಕೇನು?"

ನಗಲಿಲ್ಲ ನಾನು.
ಮೂವತ್ತೊಂದು ವರ್ಷ ತುಳಜಾಪುರಕ್ಕ ಹೋಗೀನಿ,
ಒಮ್ಮೊಮ್ಮೆ ದಿನಕ್ಕ ಎರಡು ಸಲ.
ಯಾವ ನಳಕ್ಕ ನೀರು ಬರ್ತದ,
ಯಾರ ಚಹಾದಾಗ ಹಾಲು ಕಡಿಮಿ, ಕೇಳ್ರಿ, ಹೇಳ್ತೀನಿ.
ಕವಡಿ ಸರ ಹಾಕ್ಕೊಂಡವರಿಗೆ ಚಿಲ್ಲರೆ ಎಣಿಸೀನಿ,
ಕುಂಕುಮ ಹತ್ತಿದ ನೋಟು ತಗೊಂಡೀನಿ,
ಯಾರೋ ಕೊಟ್ಟ ಬತ್ತಾಸ ಕಿಸೆದಾಗ ಕರಗಿ
ತಿಕೀಟಿನ ಕಟ್ಟು ಅಂಟಿದ್ದೂ ಅದ.
ದೇವಿ ಮೂಗು ಹ್ಯಾಂಗದ ಅಂತ ಕೇಳಬ್ಯಾಡ್ರಿ.

ಗುಡ್ಡಾಪುರದಾಗ ರಾತ್ರಿ ಮುಕ್ಕಾಂ ಇರ್ತಿತ್ತು.
ಹಿಂದಿನ ಸೀಟಿನ ಮ್ಯಾಲ, ತಲಿಗೆ ರೊಕ್ಕದ ಚೀಲ.
ಗುಡಿಯ ಗಂಟಿ ಒಮ್ಮೆ ಬಡದ್ರ
ನಿದ್ದಿಗಣ್ಣಾಗ ಬಸ್ಸು ನಿಲ್ಲಸ್ತಿದ್ದೆ.
ಎರಡು ಸಲ ಬಡದ್ರ ಬಿಡ್ತಿದ್ದೆ.
ಒಳಗ ಹೋಗಲಿಲ್ಲ. ಚೀಲ ಯಾರ ಕೈಯಾಗ ಕೊಡೋದು?

ಮಶಾಕನ ಕ್ರೂಸರಿಗೆ ಹನ್ನೊಂದು ಸೀಟು,
ಒಂಬತ್ತು ಹೆಸರು ಬಂದಾವ.
ಬಂದವರೆಲ್ಲಾ ನನ್ನ ವೇಳಾಪಟ್ಟಿ ಕೆಡಸೂದಕ್ಕೇ ಬಂದವರು.
ಚಂದ್ರಭಾಗಾಬಾಯಿಗೆ ವಿಠೋಬನ ಪಾದಾನೇ ಮುಟ್ಟಬೇಕು,
ಆರು ತಾಸಿನ ಪಾಳಿ, ಮೊಣಕಾಲು ಮಡಚೂದಿಲ್ಲ.
ಮುಖದರ್ಶನ ಲಗೂ ಆಗ್ತದವ್ವಾ, ಅಂದೆ.
"ಬರೇ ಮಾರಿ ನೋಡಿ ಬಂದ್ರ ಕಾಲು ಯಾರು ಹಿಡೀಬೇಕೋ?"

ಶಕುಂತಲಾಗ ತುಳಜಾಪುರದ ಕಲ್ಲಿಗೆ ಏನೋ ಕೇಳೋದದ.
ಏನಂತ ಹೇಳಲಿಲ್ಲ. ನಾವೂ ಕೇಳಲಿಲ್ಲ.
ಎರಡೂ ಕೈ ಇಟ್ಟು ಮನಸ್ಸಿನಾಗ ಅನ್ಕೋಬೇಕು.
ಬಲಕ್ಕ ತಿರಗಿದ್ರ ಹೌದು,
ಎಡಕ್ಕ ತಿರಗಿದ್ರ ಅಲ್ಲ,
ತಿರಗದಿದ್ರ ಇನ್ನೂ ಸಾವಕಾಶ ಅದ ಅಂತ.
ಕಲ್ಲು ಮನಸ್ಸು ಮಾಡಲಿಕ್ಕೆ
ಎಷ್ಟು ನಿಮಿಷ ಬರೀಲಿ?

ಮಶಾಕನದು ಒಂದೇ ಕರಾರು:
ಮರುದಿನ ಹನ್ನೆರಡರೊಳಗ ಗಾಣಗಾಪುರ ಮುಟ್ಟಬೇಕು,
ಮಾಧುಕರಿಗೆ ತನಗೂ ಒಂದು ಜೋಳಿಗಿ ಬೇಕು.
ದತ್ತ ಮಧ್ಯಾಹ್ನ ಭಿಕ್ಷಾಕ್ಕ ಬರ್ತಾನಂತ, ಯಾವ ವೇಷನೋ.
"ಡ್ರೈವರನ ವೇಷದಾಗೂ ಬಂದಾನು," ಅಂದಳು ಕಸ್ತೂರವ್ವ,
"ಬಾಡಿಗಿ ಚೌಕಾಶಿ ಸಾಕು ಮಾಡ್ರಿ."

ನನ್ನ ಕಿವಿಯ ಮ್ಯಾಲಿನ ಪೆನ್ಸಿಲ್ ತಗೊಂಡು
ಹತ್ತು ನಿಮಿಷಗಳನ್ನೆಲ್ಲ ಒಂದೊಂದಾಗಿ ಹೊಡೆದಳು,
ಅಕ್ಕಿಯೊಳಗಿನ ಹಳ್ಳ ಆರಿಸಿದಂಗ.
ಕಾಲಂ ಖಾಲಿ ಬಿದ್ದವು.
ಖಾಲಿ ಕಾಲಂ ನೋಡಿದ್ರ ನನಗ ಇನ್ನೂ ಎದಿ ಧಸಕ್ ಅಂತದ,
ಚೆಕಿಂಗ್ ಬಂತೇನೋ ಅಂತ.

ಗಾಣಗಾಪುರದಾಗ ಐದು ಮನಿ ಬೇಡಬೇಕಂತ.
ಕೈ ಚಾಚೋದು ನನಗ ಹೊಸದಲ್ಲ,
ನಲವತ್ನಾಕು ಸೀಟಿಗೆ ದಿನಾ ಚಾಚಿದ ಕೈ ಇದು.
ತಗೊಂಡು
ತಿಕೀಟು ಹರದು ಕೊಡದೇ ಮುಂದ ಹೋಗೋದು,
ಅದೊಂದು ರೂಢಿ ಇಲ್ಲ.