ಆಷಾಢಕ್ಕೆ ನೋಡೋಣ

ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು
ವಿದ್ಯಾನಗರದಿಂದ ದುರ್ಗಿಗುಡಿಗೆ ಆಟೋದಲ್ಲಿ ಹೊರಟೆ.
ತುಂಗೆಯ ಸೇತುವೆಯಲ್ಲಿ ಒಂದೊಂದು ಸಂದು ದಾಟಿದಾಗಲೂ
ಒಳಗೆ ಸಡಿಲಾದ ಏನೋ ಒಂದು ಟಣ್ ಎಂದಿತು.
‘ಮೆತ್ತಗೆ ಹೋಗಣ್ಣ.’
‘ಏನಿದೆ ಅಕ್ಕ ಅದ್ರಲ್ಲಿ, ಗಾಜಾ?’
ಹದಿಮೂರು ವರ್ಷದ ಮದುವೆಗಳು, ಅನ್ನಬಹುದಿತ್ತು.
‘ಕಂಪ್ಯೂಟರು’ ಅಂದೆ.

ಜಬೀವುಲ್ಲಾ ನಾಲ್ಕು ತಿರುಪು ಬಿಚ್ಚಿ ಪಕ್ಕೆ ತೆಗೆದ.
ಧೂಳು ಕಂಬಳಿಯ ಹಾಗೆ ಇಡಿಯಾಗಿ ಎದ್ದುಬಂತು.
ಫ್ಯಾನಿನ ಸಂದಿಯಲ್ಲಿ ಹಲ್ಲಿಮೊಟ್ಟೆಯ ಎರಡು ಸಿಪ್ಪೆ.
ನಾನು ಲಗ್ನಪತ್ರಿಕೆ ಹೊಂದಿಸುತ್ತ ಕೂತ ಯಾವುದೋ ರಾತ್ರಿ
ಈ ಬಿಸುಪಿಗೇ ಎರಡು ಮರಿ ಒಡೆದು ಹೊರಟಿವೆ,
ನನಗೆ ಗೊತ್ತೇ ಆಗಿಲ್ಲ.
ಬೋರ್ಡಿನ ಮೇಲೆ ಹೊಟ್ಟೆಯುಬ್ಬಿದ ಮೂರು ಪುಟ್ಟ ಡಬ್ಬಿ ತೋರಿಸಿ,
‘ಇವು ಹೋಗಿವೆ. ಹದಿನೆಂಟುನೂರು, ಗ್ಯಾರಂಟಿ ಕೇಳ್ಬೇಡಿ.
ಹೊಸದಾದ್ರೆ ಮೂವತ್ತೆರಡು ಸಾವಿರ.
ರಿಪೇರಿ ನನ್ ಕಸುಬು, ಮಾಡ್ಕೊಡ್ತೀನಿ.
ನಮ್ಮನೇದಾಗಿದ್ರೆ ಮಾಡ್ತಿರ್ಲಿಲ್ಲ.’

ಪುಟಕ್ಕೆ ಇಪ್ಪತ್ತು ನನ್ನ ದರ.
ಇದಕ್ಕೆ ತೊಂಬತ್ತು ಪುಟ, ಅದಕ್ಕೆ ಸಾವಿರದ ಆರುನೂರು.
ಅಡಿಟಿಪ್ಪಣಿ ಸಮೇತ ಎಷ್ಟು ಪಿಎಚ್‌ಡಿ ಆದೀತು
ಎಂದು ಬೆರಳು ಮಡಚುತ್ತಿದ್ದೆ.
ಅಷ್ಟರಲ್ಲಿ ಅವನು ನನ್ನ ಪೆನ್‌ಡ್ರೈವನ್ನು
ಅಂಗಡಿಯ ಹೊಸ ಮಿಷನ್ನಿಗೆ ಚುಚ್ಚಿ ಒಂದು ಫೈಲು ತೆರೆದ.
‘ಶ್ರೀ’ ಇರಬೇಕಾದಲ್ಲಿ
²æÃ
ಅಂತಿತ್ತು.
ಕೊಟ್ರೇಶಪ್ಪನವರ ಎರಡನೇ ಮಗಳು, ವರ, ಮುಹೂರ್ತ, ಛತ್ರ,
‘ಆಶೀರ್ವಾದವೇ ಉಡುಗೊರೆ’, ಎಲ್ಲವೂ ಹಾಗೇ,
ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರು ಬಯ್ದ ಹಾಗೆ.
‘ಹಳೇ ಫಾಂಟು ಹಾಕಿದ್ರೆ ಕಾಣುತ್ತೆ ಅಕ್ಕ.
ಯೂನಿವರ್ಸಿಟಿಯವ್ರು ಯೂನಿಕೋಡ್ ಅಂದ್ರೆ ಮಾತ್ರ ಕಷ್ಟ,
ಅರ್ಕಾವೊತ್ತು ಅಲ್ಲಲ್ಲಿ ಜಾರುತ್ತೆ.’
ಜಾರುತ್ತದೆ. ಒಂದೊಂದನ್ನೇ ಕೈಹಿಡಿದು
ವಾಪಸು ಜಾಗಕ್ಕೆ ಕೂರಿಸಬೇಕು.

ಹಾಲೇಶ ಬೆಳಿಗ್ಗೆಯೇ ಹೇಳಿದ್ದ:
ಮಿಕ್ಸಿ ಕೆಟ್ಟಾಗ ಇಷ್ಟು ಯೋಚನೆ ಮಾಡಿದ್ಯಾ?
ಸಿಂಚನಾಗೆ ಅದು ಆನ್ ಆಗುವಷ್ಟರಲ್ಲಿ
ಸ್ನಾನ ಮುಗಿಸಿ ಎರಡು ಜಡೆಯೂ ಆಗಿರುತ್ತದೆ.
ನಿಜವೇ. ಆದರೆ ಅದು ಏಳುವ ಆ ನಾಲ್ಕು ನಿಮಿಷ
ಈ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಕೀಬೋರ್ಡಿನಲ್ಲಿ ಎಫ್ ಒಂದು ಪೂರಾ ಅಳಿಸಿದೆ.
ಒತ್ತಕ್ಷರ ಕೂಡಿಸುವ ಗುಂಡಿ ಅದು.
ಎರಡರ ನಡುವೆ ಒತ್ತಿದರೆ
ಒಂದು ಇನ್ನೊಂದರ ಕಾಲಡಿ ಹೋಗಿ ಕೂರುತ್ತದೆ.
ಅಮ್ಮ ಅನ್ನಲೂ ಅದೇ ಬೇಕು, ಅಪ್ಪ ಅನ್ನಲೂ.
ಅಪ್ಪನ ಶಿವಗಣಾರಾಧನೆಯ ಕಾರ್ಡನ್ನು ನಾನೇ ಹೊಡೆದೆ,
ರಾತ್ರಿ ಒಂದು ಗಂಟೆಗೆ, ಇದರ ಮುಂದೆ ಕೂತು.
ಬೆರಳು ಒಂದು ಕಡೆ ಒತ್ತುವುದನ್ನು ಬಿಟ್ಟಿತ್ತು.
‘ಲಿಂಗೈಕಯ’ ಎಂದೇ ಅಚ್ಚಾಯಿತು.
ನೂರೈವತ್ತು ಕಾರ್ಡು ಹಂಚಿದೆವು.
ಯಾರೂ ಹೇಳಲಿಲ್ಲ.
ಆ ಫೈಲು ಇನ್ನೂ ಹಾಗೇ ಇದೆ,
ತಿದ್ದಲು ಎರಡು ಸಲ ತೆರೆದು
ಎರಡು ಸಲವೂ ಮುಚ್ಚಿದ್ದೇನೆ.

ಈಗ ವೈಶಾಖ. ಮೇಜಿನ ಮೇಲೆ ಹನ್ನೊಂದು ಲಗ್ನಪತ್ರಿಕೆ,
ಒಂದರಲ್ಲಿ ಹುಡುಗಿಯ ಹೆಸರು ಇನ್ನೂ ತೀರ್ಮಾನವಾಗಿಲ್ಲ,
ಸಂಖ್ಯಾಶಾಸ್ತ್ರದವನು ಒಂದು ದೀರ್ಘ ಸೇರಿಸಿ ಅಂದನಂತೆ.
‘ಈ ಸಲಕ್ಕೆ ಹಾಕ್ಕೊಡು ಜಬೀವುಲ್ಲಾ,
ಆಷಾಢದಲ್ಲಿ ಹೇಗೂ ಮದುವೆಯಿಲ್ಲ. ಆಷಾಢಕ್ಕೆ ನೋಡೋಣ.’
‘ಹೋದ್ವರ್ಷಾನೂ ಅಂದಿದ್ರಿ’ ಎಂದು ಅವನು
ಬೆಸುಗೆಯ ಕಡ್ಡಿ ಕಾಯಲು ಇಟ್ಟ.
ರಾಳದ ಹೊಗೆ ಎದ್ದಿತು. ಹೊರಗೆ ಬಿಸಿಲಿಗೆ
ಕಲ್ಲಂಗಡಿ ಗಾಡಿಯವನು ಗೋಣಿ ನೆನೆಸುತ್ತಿದ್ದ.

ಮುಚ್ಚುವಾಗ ಮೂರೇ ತಿರುಪು ಸಿಕ್ಕವು.
ಬೆಂಚಿನ ಕೆಳಗೆ, ಚಪ್ಪಲಿಯ ಸಂದಿಯಲ್ಲಿ, ಇಬ್ಬರೂ ಹುಡುಕಿದೆವು.
‘ಮೂರ್ರಲ್ಲೇ ನಿಲ್ಲುತ್ತೆ ಬಿಡಿ’ ಅಂದ.
ಸೇತುವೆಯ ಮೇಲೆ ಮತ್ತೆ ಟಣ್ ಎಂದಿತು.
ಮೆತ್ತಗೆ ಹೋಗು ಎನ್ನಲಿಲ್ಲ.