ಬೆರಳಂಚು

ಜೇಬಿನಲ್ಲಿ ಎರಡು ಸಾವಿರ ಸೋಮ್.
ಒಂದು ಗಂಟೆಯ ಪಾಠಕ್ಕೆ ಅಷ್ಟು,
ದಿನವಿಡೀ ಬೆಟ್ಟ ಹತ್ತಿಸುವ ತೂಗುಕುರ್ಚಿಗೂ ಅಷ್ಟೇ.
ಎರಡೂ ಒಟ್ಟಿಗೆ ಆಗದು.

ಕರಾಕೋಲ್ ಪೇಟೆಯ ಮೇಲೆ, ಸ್ಪ್ರೂಸ್ ಮರಗಳ ನಡುವೆ
ಟಿಕೆಟ್ ಕಿಂಡಿಯ ಮುಂದೆ ನಿಂತಿದ್ದೇನೆ
ಎಡಗಾಲು ಹಲಗೆಗೆ ಕಟ್ಟಿಕೊಂಡು
ಬಲಗಾಲು ಬಿಡಿಯಾಗಿ
ಅರ್ಧ ಮದುವೆಯಾದವಳ ಹಾಗೆ.
ಹಿಂದಿನವರು ಗೊಣಗುತ್ತಾರೆ: ಬೇಗ, ಅಕ್ಕ!

ಮೂರು ಭಾನುವಾರದಲ್ಲಿ ಕಲಿತದ್ದು ಇಷ್ಟು:
ಹಿಮ್ಮಡಿಯಂಚಿನ ಮೇಲೆ ಅರೆ ಕೂತು, ಅರೆ ನಿಂತು
ಕಣಿವೆಗೆ ಮುಖ ಕೊಟ್ಟು
ತರಗೆಲೆ ಓಲಾಡಿ ಇಳಿಯುವಂತೆ
ಆಚೆ, ಈಚೆ, ಆಚೆ.
ಬೆರಳಂಚಿಗೆ ಹೊರಳಬೇಕೆಂದರೆ ಮಾತ್ರ
ಬೆನ್ನು ಕಣಿವೆಗೆ, ಮೂಗು ಬೆಟ್ಟಕ್ಕೆ,
ಎಲ್ಲಿಗೆ ಬೀಳುತ್ತೇನೆಂದು ಕಾಣದೆ ಬೀಳಬೇಕು.
ಬೀಳುತ್ತೇನೆ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣವೆಂದರೆ
ಮೀಸೆಯೂ ಇಲ್ಲ, ಮಣ್ಣೂ ಇಲ್ಲ;
ಕಾಲರಿನೊಳಗೆ ಜಾರುವ ಹಿಮ,
ಊದಿದ ಮಣಿಕಟ್ಟು,
ನಾಳೆ ಹೊಲಿಗೆ ಯಂತ್ರದ ಮುಂದೆ ಕೂರಲೊಲ್ಲದ ಕುಂಡೆ.

ಕಲಿಸುವ ಎರ್ಮೆಕ್ ಹೇಳುತ್ತಾನೆ:
ಇನ್ನೆರಡು ಪಾಠ ಬೇಕು ನಿನಗೆ, ಕಡಿಮೆಯೆಂದರೂ.
ಹಲಗೆ ಬಾಡಿಗೆಗೆ ಕೊಡುವ ಅವನ ಭಾವಮೈದುನ:
ಪಾಠ ಯಾಕೆ, ಬೀಳು ಏಳು, ಬೀಳು ಏಳು,
ಮೈಗೆ ತಾನೇ ಹತ್ತುತ್ತದೆ.
ಇಬ್ಬರದೂ ಹೊಟ್ಟೆಪಾಡು.

ನಾನು ದರ್ಜಿ. ನನಗೆ ಎರಡೂ ಗೊತ್ತು.
ಜಿಪ್ಪು ಕೂರಿಸುವುದನ್ನು ಯಾರೂ ಕಲಿಸಲಿಲ್ಲ.
ನಲವತ್ತು ಶಾಲಾ ಚಡ್ಡಿ ಕೆಟ್ಟವು,
ನಲವತ್ತೊಂದನೆಯದು ಕೂತಿತು.
ಆದರೆ ಕಾಲರಿನ ಮೂಲೆ
ಒಂದು ವರ್ಷ ಮೊಂಡಾಗಿಯೇ ಬಂತು,
ದಿನಕ್ಕೆ ಹತ್ತು ಹೊಲಿದೆ, ಹತ್ತೂ ಮೊಂಡು.
ಒಂದು ಮಧ್ಯಾಹ್ನ ಬುರ್ಮಾಕಾನ್ ಅಜ್ಜಿ
ಚಹಾದ ಬಟ್ಟಲು ಕೆಳಗಿಡದೆಯೇ
"ಮಗುಚುವ ಮೊದಲು ಮೂಲೆಯ ಬಟ್ಟೆ ಕತ್ತರಿಸೇ" ಅಂದಳು.
ಅಷ್ಟೇ. ಒಂದು ವಾಕ್ಯ.
ಹಾಡ್ತಾ ಹಾಡ್ತಾ ರಾಗ, ನಿಜ;
ನರಳ್ತಾ ನರಳ್ತಾ ರೋಗವೂ ಅಲ್ಲವೇ?
ನನ್ನದು ಯಾವುದೆಂದು ಯಾರನ್ನು ಕೇಳಲಿ?

ಕುರ್ಚಿಗಳನ್ನು ಕಾಯುವ ಸಾತರ್ ಮಾಮ
ಸೂರ್ಯಕಾಂತಿ ಬೀಜ ಕಡಿಯುತ್ತ ಕೇಳಿದ:
"ಹಿಂದಿನ ಸಲ ಯಾಕೆ ಬಿದ್ದೆ?"
ಹಿಮ ಕಲ್ಲಾಗಿತ್ತು.
"ಅದರ ಹಿಂದಿನ ಸಲ?"
ಯಾವನೋ ಹುಡುಗ ಅಡ್ಡ ಬಂದ.
"ಅದಕ್ಕೂ ಹಿಂದೆ?"
ಹಲಗೆ ಹಳೆಯದು, ಮಾಮ.
ಅವನು ನಗಲಿಲ್ಲ. ಸಿಪ್ಪೆ ಉಗುಳಿದ.
"ಬೆಟ್ಟದ್ದು, ಹುಡುಗನದ್ದು, ಹಲಗೆಯದ್ದು.
ನೀನಿನ್ನೂ ಒಂದು ಸಲವೂ ಬಿದ್ದೇ ಇಲ್ಲವಲ್ಲ."

ಕಿಂಡಿಯವಳು ಗಾಜು ತಟ್ಟಿದಳು: ಪಾಠವೋ ಕುರ್ಚಿಯೋ?
ತಡಿ, ಅಂದೆ.
ಪಟ್ಟಿ ಬಿಚ್ಚಿ, ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು
ಸ್ಲೆಡ್ಜಿನ ಮಕ್ಕಳು ಜಾರುವ ಪುಟ್ಟ ದಿಬ್ಬ ಹತ್ತಿದೆ, ನಡೆದು.
ಕಾಸಿಲ್ಲದ ದಿಬ್ಬ.

ಬಿದ್ದೆ. ಗೊತ್ತಾಗಲಿಲ್ಲ.
ಬಿದ್ದೆ. ಒಂದು ಮಗು ನನ್ನ ಸುತ್ತ ಹಾದು ಹೋಯಿತು,
ಹಸು ಅಡ್ಡ ಮಲಗಿದ್ದರೆ ಹೇಗೋ ಹಾಗೆ.
ಬಿದ್ದೆ, ಆಗ ಹೊಳೆಯಿತು:
ಹೊರಳುವ ಗಳಿಗೆಗೆ ಕಣ್ಣು ಕಾಲಿಗೆ ಬೀಳುತ್ತದೆ,
ಕಣ್ಣಿನ ಹಿಂದೆಯೇ ನಾನು.
ಮುಂದಿನ ಸಲ ಕಣ್ಣೆತ್ತಿದೆ.
ದೂರದಲ್ಲಿ ಇಸ್ಸಿಕ್ ಕೊಲ್,
ಇಷ್ಟು ಚಳಿಗೂ ಹೆಪ್ಪುಗಟ್ಟದ ನೀಲಿ ಸರೋವರ;
ಅದನ್ನೇ ನೋಡುತ್ತ ಭುಜ ತಿರುಗಿತು, ಸೊಂಟ ತಿರುಗಿತು,
ಹಲಗೆ, ಒಲ್ಲದ ಮನಸ್ಸಿನಿಂದ, ತಿರುಗಿತು,
ಮೂಗಿನ ಮುಂದೆ ಬೆಟ್ಟ, ಬೆರಳ ಕೆಳಗೆ ಬೆಟ್ಟ,
ಒಂದು, ಎರಡು, ಮೂರು ಉಸಿರು

ಆಮೇಲೆ ಮಂಡಿ.
ಇದು ಯಾಕೆ?
ಕಣ್ಣು ಮೇಲೇ ಇತ್ತು. ಹಿಮ ಮೆತ್ತಗಿತ್ತು. ಹುಡುಗರಿರಲಿಲ್ಲ.
ಮತ್ತೆ ಹತ್ತಿದೆ, ಮತ್ತೆ ಅಲ್ಲೇ ಮಂಡಿ,
ಆರು ಸಲ, ಅದೇ ಮೂರನೇ ಉಸಿರಿಗೆ.

ಮಂಡಿಯೂರಿದಲ್ಲಿಂದಲೇ ಕೂಗಿದೆ,
ಏ ಎರ್ಮೆಕ್,
ಗಂಟೆ ಬೇಡ,
ಒಂದು ವಾಕ್ಯಕ್ಕೆ ಎಷ್ಟು ತಗೋತಿ?